ಖಾಲಿ ಹೆದ್ದಾರಿಯಲ್ಲೂ ನೂರರ ಮಿತಿ ಏಕೆ?

2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿ ಅವರು ಮಂಡ್ಯದಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಉದ್ಘಾಟಿಸಿದರು. ಸುಮಾರು 8,480 ಕೋಟಿ ರೂಪಾಯಿ ವೆಚ್ಚದಲ್ಲಿ ಸಿದ್ಧವಾದ, ಸುಮಾರು 118 ಕಿಲೋಮೀಟರ್ ಉದ್ದದ ಈ ರಸ್ತೆಯ ಬಗ್ಗೆ ಸರ್ಕಾರ ಎಲ್ಲಕ್ಕಿಂತ ಹೆಚ್ಚಾಗಿ ಹೇಳಿಕೊಂಡದ್ದು ಉಳಿತಾಯವಾಗುವ ಸಮಯವನ್ನು: ಮೂರು ಗಂಟೆಯ ಪ್ರಯಾಣ ಇನ್ನು ಮುಂದೆ 75 ನಿಮಿಷ. ಈ ಮಾತನ್ನು ಕಾಗದದ ಮೇಲೆ ಗುಣಿಸಿ ನೋಡಿದವರು ಕಡಿಮೆ. 118 ಕಿ.ಮೀ. ದೂರವನ್ನು 75 ನಿಮಿಷದಲ್ಲಿ ಮುಗಿಸಬೇಕಾದರೆ ಸರಾಸರಿ ವೇಗವೇ ಗಂಟೆಗೆ 94 ಕಿ.ಮೀ. ಇರಬೇಕಾಗುತ್ತದೆ. ಟೋಲ್‌ಗಳಲ್ಲಿ ನಿಧಾನಿಸಿ, ಜೋಡಿ ಲಾರಿಗಳ ಹಿಂದೆ ಸಿಕ್ಕಿಕೊಂಡು, ಮಳೆ ಬಂದಾಗ ವೇಗ ತಗ್ಗಿಸಿ, ಆ ಮೇಲೂ ಅಷ್ಟು ಸರಾಸರಿ ಬರಬೇಕೆಂದರೆ ಉಳಿದ ದಾರಿಯಲ್ಲಿ ನೂರನ್ನು ಮೀರಲೇಬೇಕು. ಕಾರುಗಳಿಗೆ 100ರ ಮಿತಿಯಿರುವ ರಸ್ತೆಯನ್ನು, ಆ ಮಿತಿಯೊಳಗೆ ನಡೆಸಿಕೊಡುವುದು ಕಷ್ಟವಾದ ಭರವಸೆಯೊಂದಿಗೆ ಜನರ ಕೈಗೆ ಕೊಡಲಾಯಿತು.

ಪರಿಣಾಮ ಕಾಣಲು ಹೆಚ್ಚು ದಿನ ಬೇಕಾಗಲಿಲ್ಲ. ಪೊಲೀಸರು ಕೊಟ್ಟ ಅಂಕಿಗಳ ಪ್ರಕಾರ ಆ ವರ್ಷದ ಮೇ ತಿಂಗಳಲ್ಲಿ ಈ ಹೆದ್ದಾರಿಯಲ್ಲಿ 29 ಮಂದಿ, ಜೂನ್‌ನಲ್ಲಿ 28 ಮಂದಿ ಪ್ರಾಣ ಕಳೆದುಕೊಂಡರು. ಆಗ ಸಂಚಾರ ಮತ್ತು ರಸ್ತೆ ಸುರಕ್ಷತೆ ವಿಭಾಗದ ಎಡಿಜಿಪಿ ಆಗಿದ್ದ ಅಲೋಕ್ ಕುಮಾರ್ ಅವರು ಖುದ್ದಾಗಿ ರಸ್ತೆಯನ್ನು ಪರಿಶೀಲಿಸಿದರು. ಜುಲೈ ಆರಂಭದಿಂದ ಪೊಲೀಸರು ಸ್ಪೀಡ್ ಗನ್ ಹಿಡಿದು ನಿಂತು, ನೂರು ದಾಟಿದ ಕಾರುಗಳಿಗೆ ಸಾವಿರ ರೂಪಾಯಿ ದಂಡ ಹಾಕತೊಡಗಿದರು. ಆ ತಿಂಗಳು ಸತ್ತವರ ಸಂಖ್ಯೆ 8. ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್ ಮೊದಲಾದ ನಿಧಾನಗತಿಯ ವಾಹನಗಳು ಮುಖ್ಯ ರಸ್ತೆಗೆ ಬಾರದಂತೆ ನಿಷೇಧ ಜಾರಿಗೆ ಬಂತು. ಮುಂದೆ ಸ್ವಯಂಚಾಲಿತ ಕ್ಯಾಮೆರಾಗಳೂ ಬಂದವು. 2023ರಲ್ಲಿ ಒಟ್ಟು 188 ಇದ್ದ ಸಾವುಗಳು 2024ರಲ್ಲಿ 50ಕ್ಕೆ ಇಳಿದವು.

ಈ ಇಳಿಕೆಯ ಪೂರ್ತಿ ಶ್ರೇಯವನ್ನು ವೇಗಮಿತಿಗೇ ಕೊಡುವುದು ಆತುರದ ಮಾತಾದೀತು. ಬೈಕ್‌ಗಳು ಮುಖ್ಯ ರಸ್ತೆಯಿಂದ ಹೊರಹೋದವು, ಜನರಿಗೆ ಹೊಸ ರಸ್ತೆಯ ಅಭ್ಯಾಸವಾಯಿತು, ಫಲಕಗಳು ಬಂದವು. ಇವೆಲ್ಲದರ ಪಾಲು ಅದರಲ್ಲಿದೆ. ಆದರೆ ತಿಂಗಳುಗಳ ಕ್ರಮವನ್ನು ಗಮನಿಸಬೇಕು. ಸಾವುಗಳು 28ರಿಂದ 8ಕ್ಕೆ ಇಳಿದದ್ದು ಜುಲೈನಲ್ಲಿ, ಬೈಕ್‌ಗಳ ನಿಷೇಧ ಬಂದದ್ದು ಆಗಸ್ಟ್‌ನಲ್ಲಿ. ಒಂದು ತಿಂಗಳ ಅಂಕಿಯಿಂದ ಸಿದ್ಧಾಂತ ಕಟ್ಟಲಾಗದು ಎಂಬುದು ನಿಜವಾದರೂ, ಅದೇ ರಸ್ತೆ, ಅದೇ ವಾಹನಗಳು, ಅದೇ ಚಾಲಕರು ಇದ್ದ ಆ ಒಂದು ತಿಂಗಳಲ್ಲಿ ಎದ್ದು ಕಾಣುವಂತೆ ಬದಲಾದದ್ದು ವೇಗ ನೋಡುವ ಕಣ್ಣೊಂದು ದಾರಿಯಲ್ಲಿ ಇದೆ ಎಂಬ ಅರಿವು.

ಹಾಗಿದ್ದರೂ ಹೆದ್ದಾರಿಯಲ್ಲಿ ವೇಗಮಿತಿಯನ್ನು ಪಾಲಿಸಲೇಬೇಕೇ ಎಂಬ ಪ್ರಶ್ನೆ ನಮ್ಮಲ್ಲಿ ಇನ್ನೂ ಮುಗಿದಿಲ್ಲ. ಕುಡಿದು ಗಾಡಿ ಓಡಿಸುವುದನ್ನು ಬಹಿರಂಗವಾಗಿ ಸಮರ್ಥಿಸುವವರು ಸಿಗುವುದಿಲ್ಲ. 120ರಲ್ಲಿ ಓಡಿಸುವುದನ್ನು ಸಮರ್ಥಿಸುವವರು ಪ್ರತಿ ಮನೆಯಲ್ಲೂ ಸಿಗುತ್ತಾರೆ. ತೆರಿಗೆಯನ್ನು ಸಕಾಲಕ್ಕೆ ಕಟ್ಟುವ, ಸರದಿಯಲ್ಲಿ ನಿಲ್ಲುವ, ಮಕ್ಕಳಿಗೆ ಶಿಸ್ತಿನ ಪಾಠ ಹೇಳುವ ಮನುಷ್ಯನೂ ಬಿಡದಿ ದಾಟಿದ ಮೇಲೆ ರಸ್ತೆ ಖಾಲಿ ಕಂಡರೆ ಆಕ್ಸಿಲರೇಟರ್ ಒತ್ತುತ್ತಾನೆ, ಮತ್ತು ಅದರಲ್ಲಿ ತಪ್ಪೇನಿದೆ ಎಂದು ಪ್ರಾಮಾಣಿಕವಾಗಿಯೇ ಕೇಳುತ್ತಾನೆ. ಅವನ ವಾದಗಳಲ್ಲಿ ಕೆಲವು ಪೊಳ್ಳು, ಕೆಲವು ಪೊಳ್ಳಲ್ಲ. ಅವನ್ನು ಒಂದೇ ತಕ್ಕಡಿಗೆ ಹಾಕದೆ ಬೇರೆಬೇರೆಯಾಗಿ ನೋಡುವುದು ಒಳ್ಳೆಯದು.

ನಿಯಮ ಏನು ಹೇಳುತ್ತದೆ

1988ರ ಮೋಟಾರು ವಾಹನ ಕಾಯ್ದೆಯ 112ನೇ ಕಲಂ ವೇಗಕ್ಕೆ ಮಿತಿ ಹಾಕುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುತ್ತದೆ. 2018ರ ಏಪ್ರಿಲ್‌ನಲ್ಲಿ ಕೇಂದ್ರ ಹೊರಡಿಸಿದ ಅಧಿಸೂಚನೆಯಲ್ಲಿ ಕಾರುಗಳಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ 120, ಡಿವೈಡರ್ ಇರುವ ನಾಲ್ಕು ಅಥವಾ ಹೆಚ್ಚು ಲೇನ್‌ಗಳ ರಸ್ತೆಯಲ್ಲಿ 100, ಉಳಿದ ರಸ್ತೆಗಳಲ್ಲಿ 70 ಎಂಬ ಗರಿಷ್ಠ ಮಿತಿಗಳಿದ್ದವು. ಸರಕು ಸಾಗಣೆಯ ವಾಹನಗಳಿಗೆ ದೊಡ್ಡ ರಸ್ತೆಗಳಲ್ಲಿ 80. ಹೀಗೆ ಮಿತಿಗಳನ್ನು ಏರಿಸಿದ್ದೇ ಸರಿಯಲ್ಲ ಎಂದು ಮದ್ರಾಸ್ ಹೈಕೋರ್ಟ್ 2021ರಲ್ಲಿ ಆ ಅಧಿಸೂಚನೆಯನ್ನು ರದ್ದುಪಡಿಸಿತು. ಅಪಘಾತ ಪರಿಹಾರದ ಪ್ರಕರಣವೊಂದನ್ನು ವಿಚಾರಣೆ ಮಾಡುತ್ತಿದ್ದ ಪೀಠ ಅಷ್ಟು ದೂರ ಹೋಗಬೇಕಿತ್ತೇ ಎಂಬ ಚರ್ಚೆ ಬೇರೆ. ವೇಗ ಹೆಚ್ಚಿದರೆ ಸಾವು ಹೆಚ್ಚುತ್ತದೆ ಎಂಬ ಅದರ ತರ್ಕ ಮಾತ್ರ ನೇರವಾಗಿತ್ತು.

ಬೆಂಗಳೂರು–ಮೈಸೂರು ರಸ್ತೆಯನ್ನು ಎಲ್ಲರೂ ಎಕ್ಸ್‌ಪ್ರೆಸ್‌ವೇ ಎಂದು ಕರೆದರೂ ಅದು ದಾಖಲೆಯಲ್ಲಿ ರಾಷ್ಟ್ರೀಯ ಹೆದ್ದಾರಿ 275ರ ಭಾಗ. ಆದ್ದರಿಂದಲೇ ಅಲ್ಲಿ 120 ಅನ್ವಯಿಸುವುದಿಲ್ಲ. ಇದು ಬರೀ ಹೆಸರಿನ ವ್ಯತ್ಯಾಸವೂ ಅಲ್ಲ. ರಸ್ತೆ ಕಟ್ಟುವ ನಿಯಮಗಳನ್ನು ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡಗಳಲ್ಲಿ ಬಯಲು ಪ್ರದೇಶದ ಎಕ್ಸ್‌ಪ್ರೆಸ್‌ವೇಗೆ 120ರ ವೇಗವನ್ನೂ ಆರು ಲೇನ್‌ಗಳ ಹೆದ್ದಾರಿಗೆ 100ರ ವೇಗವನ್ನೂ ಲೆಕ್ಕಕ್ಕೆ ಇಟ್ಟುಕೊಂಡು ತಿರುವಿನ ಬಾಗು, ಮುಂದೆ ಕಾಣುವ ದೂರ, ರಸ್ತೆಯ ಓರೆ ಎಲ್ಲವನ್ನೂ ನಿರ್ಧರಿಸಲಾಗುತ್ತದೆ. ರಸ್ತೆ ನೋಡಲು ಎಷ್ಟೇ ನೇರವಾಗಿದ್ದರೂ ಎಂಜಿನಿಯರ್ ಅದನ್ನು ಯಾವ ವೇಗಕ್ಕೆ ಕಟ್ಟಿದ್ದಾನೆ ಎಂಬುದು ಚಾಲಕನ ಸೀಟಿನಿಂದ ತಿಳಿಯುವುದಿಲ್ಲ.

ಬ್ರೇಕ್ ಒತ್ತುವ ಮೊದಲಿನ ಸಮಯ

ಮಿತಿಯನ್ನು ವಿರೋಧಿಸುವವರ ಮೊದಲ ವಾದ ಕಾರಿನ ಬಗ್ಗೆ. ಹಳೆಯ ಕಾಲದ ಅಂಬಾಸಿಡರ್‌ಗೆ ನೂರು ದೊಡ್ಡ ಮಾತಾಗಿತ್ತು. ಇಂದಿನ ಕಾರಿಗೆ ಬ್ರೇಕ್ ಒತ್ತಿದಾಗ ಚಕ್ರ ಜಾರದಂತೆ ತಡೆಯುವ ಎಬಿಎಸ್ ಇದೆ, ಆರು ಏರ್‌ಬ್ಯಾಗ್ ಇವೆ, ಒಳಗೆ ಕೂತವರಿಗೆ 130 ಬಂದದ್ದೇ ಗೊತ್ತಾಗುವುದಿಲ್ಲ ಎನ್ನುತ್ತಾರೆ. ಆ ಕೊನೆಯ ಮಾತು ನಿಜ, ಮತ್ತು ತೊಂದರೆ ಇರುವುದೇ ಅಲ್ಲಿ. ಕಾರು ಸುಧಾರಿಸಿದೆ, ಚಾಲಕ ಸುಧಾರಿಸಿಲ್ಲ. ಎದುರಿಗೆ ಏನೋ ಅಡ್ಡ ಬಂದದ್ದು ಕಣ್ಣಿಗೆ ಬಿದ್ದು, ಅದು ಏನೆಂದು ಮನಸ್ಸಿಗೆ ಹೊಳೆದು, ಕಾಲು ಬ್ರೇಕಿನ ಮೇಲೆ ಬೀಳಲು ಎಚ್ಚರವಿರುವ ಮನುಷ್ಯನಿಗೂ ಸುಮಾರು ಒಂದೂವರೆ ಸೆಕೆಂಡ್ ಬೇಕು. ಆ ಒಂದೂವರೆ ಸೆಕೆಂಡಿನಲ್ಲಿ ನೂರರ ವೇಗದ ಕಾರು 42 ಮೀಟರ್ ಮುಂದೆ ಹೋಗಿರುತ್ತದೆ; 120ರದು 50 ಮೀಟರ್; 140ರದು 58 ಮೀಟರ್. ಎಬಿಎಸ್ ಕೆಲಸ ಶುರುಮಾಡುವುದು ಅದಾದ ಮೇಲೆ.

ಮುಂದಿನ ಲೆಕ್ಕ ಇನ್ನೂ ಕಠಿಣ. ಒಣಗಿದ ರಸ್ತೆ, ಒಳ್ಳೆಯ ಟೈರ್, ಪೂರ್ತಿ ಒತ್ತಿದ ಬ್ರೇಕ್ ಎಂದಿಟ್ಟುಕೊಂಡರೆ ನೂರರಲ್ಲಿದ್ದ ಕಾರು ಅಡ್ಡಿ ಕಂಡ ಜಾಗದಿಂದ ಹೆಚ್ಚುಕಡಿಮೆ 97 ಮೀಟರಿಗೆ ನಿಲ್ಲುತ್ತದೆ. ಅದೇ ಜಾಗದಲ್ಲಿ, ಅದೇ ಕ್ಷಣದಲ್ಲಿ ಅದೇ ಅಡ್ಡಿಯನ್ನು ಕಂಡ 120ರ ಕಾರು ಆ 97ನೇ ಮೀಟರ್ ಮುಟ್ಟಿದಾಗ ಇನ್ನೂ ಸುಮಾರು 75ರ ವೇಗದಲ್ಲಿರುತ್ತದೆ. 140ರ ಕಾರು ಅಲ್ಲಿಗೆ ಬಂದಾಗ ಅದರ ವೇಗ ನೂರಕ್ಕಿಂತಲೂ ಹೆಚ್ಚು. ಒಬ್ಬ ಚಾಲಕ ಬೆವರೊರೆಸಿಕೊಂಡು ಮುಂದೆ ಹೋಗುವ ಜಾಗದಲ್ಲಿ, ಇಪ್ಪತ್ತೇ ಕಿಲೋಮೀಟರ್ ಹೆಚ್ಚು ವೇಗದಲ್ಲಿದ್ದ ಇನ್ನೊಬ್ಬ ನಿಂತ ಲಾರಿಯ ಹಿಂಭಾಗಕ್ಕೆ 75ರ ವೇಗದಲ್ಲಿ ನುಗ್ಗುತ್ತಾನೆ. ವೇಗ ಐದನೇ ಒಂದು ಪಾಲು ಹೆಚ್ಚಿದರೆ ಅಪಾಯವೂ ಐದನೇ ಒಂದು ಪಾಲು ಹೆಚ್ಚುತ್ತದೆ ಎಂದು ಮನಸ್ಸು ಅಂದಾಜು ಮಾಡುತ್ತದೆ. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ಆ ಅಂದಾಜು ತಪ್ಪುತ್ತದೆ. ಸ್ವೀಡನ್ನಿನ ಗೊರಾನ್ ನಿಲ್ಸನ್ ರೂಪಿಸಿದ ಮಾದರಿಯೂ ವಿಶ್ವ ಆರೋಗ್ಯ ಸಂಸ್ಥೆ ಇಂದು ಬಳಸುವ ಅಂಕಿಯೂ ಒಂದೇ ಮಾತು ಹೇಳುತ್ತವೆ: ರಸ್ತೆಯೊಂದರಲ್ಲಿ ಸರಾಸರಿ ವೇಗ ಶೇ 1ರಷ್ಟು ಏರಿದರೆ ಮಾರಣಾಂತಿಕ ಅಪಘಾತದ ಸಂಭವ ಸುಮಾರು ಶೇ 4ರಷ್ಟು ಏರುತ್ತದೆ.

ಇಷ್ಟೆಲ್ಲ ಅಪಾಯಕ್ಕೆ ಪ್ರತಿಯಾಗಿ ಸಿಗುವುದೇನು? 118 ಕಿ.ಮೀ. ಪೂರ್ತಿ ಒಂದೇ ವೇಗದಲ್ಲಿ ಹೋದರೂ 100ರಲ್ಲಿ 71 ನಿಮಿಷ, 120ರಲ್ಲಿ 59 ನಿಮಿಷ. ಕಾಗದದ ಮೇಲಿನ ಉಳಿತಾಯ ಹನ್ನೆರಡು ನಿಮಿಷ. ನಿಜದಲ್ಲಿ ಅಷ್ಟೂ ಇಲ್ಲ. ಬೆಂಗಳೂರಿನ ನಾಯಂಡಹಳ್ಳಿಯ ದಟ್ಟಣೆಗೆ ಸಂಜೆ ಆರರ ನಂತರ ತಲುಪಿದವರಿಗೆ ಈ ಹನ್ನೆರಡು ನಿಮಿಷದ ಗತಿ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಮಿತಿ ಎಂಬುದು ಗರಿಷ್ಠ ಎಂಬುದನ್ನೂ ಇಲ್ಲಿ ನೆನೆಯಬೇಕು. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಅವರನ್ನು ಬಲಿ ತೆಗೆದುಕೊಂಡ ಅಪಘಾತದಲ್ಲಿ ಆ ಕಾರು ಅದಕ್ಕೆ ಮುಂಚೆ 20 ಕಿ.ಮೀ. ದೂರವನ್ನು ಒಂಬತ್ತು ನಿಮಿಷದಲ್ಲಿ ದಾಟಿತ್ತೆಂದು ಪೊಲೀಸರು ಹೇಳಿದರು. ಅಂದರೆ ಸರಾಸರಿ 133. ಆದರೆ ಕಾರು ತಯಾರಕರು ಕೊಟ್ಟ ವರದಿಯಂತೆ ಬ್ರೇಕ್ ಒತ್ತಿದಾಗಿನ ವೇಗ 100, ಡಿಕ್ಕಿಯ ಹೊತ್ತಿಗೆ 89. ಸೇತುವೆಯ ಬಳಿ ಮೂರು ಲೇನ್ ಎರಡಾಗುವ ಜಾಗ ಅದು. ಹಿಂದಿನ ಸೀಟಿನಲ್ಲಿದ್ದ ಇಬ್ಬರೂ ಬೆಲ್ಟ್ ಹಾಕಿರಲಿಲ್ಲ, ಇಬ್ಬರೂ ಉಳಿಯಲಿಲ್ಲ. ಬಯಲಿನಲ್ಲಿ ಯಾರೂ ತಕರಾರು ಮಾಡದ ನೂರು, ರಸ್ತೆ ಕಿರಿದಾಗುವಲ್ಲಿ ಮನುಷ್ಯನ ದೇಹಕ್ಕೆ ಭರಿಸಲಾಗದ ವೇಗ.

ಎಲ್ಲರೂ ವೇಗವಾಗಿ ಹೋಗುತ್ತಿರುವಾಗ

ಎರಡನೆಯ ವಾದಕ್ಕೆ ಹೆಚ್ಚು ತೂಕವಿದೆ. ಸುತ್ತಲಿನ ವಾಹನಗಳು 120ರಲ್ಲಿ ಹೋಗುತ್ತಿರುವಾಗ ಒಬ್ಬನೇ ನೂರಕ್ಕೆ ಅಂಟಿಕೊಂಡರೆ ಅವನೇ ಅಡ್ಡಿಯಾಗುತ್ತಾನೆ, ಅಪಾಯ ಇರುವುದು ವೇಗದಲ್ಲಿ ಅಲ್ಲ, ವೇಗಗಳ ನಡುವಿನ ಅಂತರದಲ್ಲಿ ಎಂಬುದು ಆ ವಾದ. ಇದಕ್ಕೆ ಶಾಸ್ತ್ರದ ಆಧಾರವೂ ಇದೆ. ಅಮೆರಿಕದ ಡೇವಿಡ್ ಸಾಲಮನ್ 1964ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸರಾಸರಿಗಿಂತ ಬಹಳ ವೇಗವಾಗಿ ಹೋಗುವವರಂತೆ ಬಹಳ ನಿಧಾನವಾಗಿ ಹೋಗುವವರೂ ಹೆಚ್ಚು ಅಪಘಾತಗಳಿಗೆ ಸಿಲುಕುತ್ತಾರೆಂದು ಕಂಡುಬಂದಿತ್ತು. ತಿರುವು ತೆಗೆದುಕೊಳ್ಳಲು ನಿಧಾನಿಸಿದ ವಾಹನಗಳೂ ಅದರಲ್ಲಿ ಸೇರಿಕೊಂಡು ನಿಧಾನ ಚಾಲಕರ ಅಪಾಯ ದೊಡ್ಡದಾಗಿ ಕಂಡಿತೆಂದು ನಂತರದ ಸಂಶೋಧಕರು ತೋರಿಸಿದರು. ಆದರೂ ಅಂತರವೇ ಅಪಾಯ ಎಂಬ ತಿರುಳನ್ನು ಒಪ್ಪಿಕೊಳ್ಳೋಣ.

ಒಪ್ಪಿಕೊಂಡ ಮೇಲೆ ನಮ್ಮ ಹೆದ್ದಾರಿಯನ್ನು ನೋಡಬೇಕು. ಇಲ್ಲಿ ವೇಗಗಳ ಅಂತರವನ್ನು ಹುಟ್ಟಿಸುತ್ತಿರುವವರು ಯಾರು? ಕಬ್ಬಿನ ಲೋಡ್ ಹೊತ್ತ ಲಾರಿ 50–60ರಲ್ಲಿ ಹೋಗುತ್ತದೆ. ಅದಕ್ಕಿಂತ ಹೆಚ್ಚು ಹೋಗಲು ಅದಕ್ಕೆ ಆಗದು, ಹೋಗಲೂಬಾರದು. ಬಹುತೇಕ ವಾಣಿಜ್ಯ ವಾಹನಗಳಿಗೆ 80ಕ್ಕೆ ಕಟ್ಟಿಹಾಕುವ ವೇಗ ನಿಯಂತ್ರಕ ಕಡ್ಡಾಯ. ಹೀಗಾಗಿ ರಸ್ತೆಯ ದೊಡ್ಡದೊಂದು ಪಾಲು 80ರ ಕೆಳಗೇ ಇರುತ್ತದೆ. 60ರಲ್ಲಿರುವ ಲಾರಿಯನ್ನು ನೂರರ ಕಾರು ಹಿಂದಿನಿಂದ ಸಮೀಪಿಸುವಾಗ ನಡುವೆ ನೂರು ಮೀಟರ್ ಇದ್ದರೆ ಅದು ಮುಗಿಯಲು ಒಂಬತ್ತು ಸೆಕೆಂಡ್ ಸಿಗುತ್ತದೆ. 120ರ ಕಾರಿಗೆ ಆರೇ ಸೆಕೆಂಡ್. ರಾತ್ರಿ ಹೊತ್ತು, ಹಿಂದಿನ ದೀಪ ಕೆಟ್ಟ ಲಾರಿಯಾದರೆ ಆ ಆರು ಸೆಕೆಂಡಿನಲ್ಲಿ ಅರ್ಧ ಅದು ಲಾರಿ ಎಂದು ಗುರುತಿಸುವುದರಲ್ಲೇ ಹೋಗುತ್ತದೆ. ಅಂತರ ಕುಗ್ಗಿಸುವುದೇ ಸುರಕ್ಷತೆ ಎನ್ನುವುದಾದರೆ ಕಬ್ಬಿನ ಲಾರಿಯನ್ನು ಮೇಲಕ್ಕೆ ತರಲಾಗದು, ಕಾರನ್ನು ಕೆಳಕ್ಕೆ ತರಬಹುದು. ಸುತ್ತಲಿನ ವಾಹನಗಳ ಹರಿವಿನೊಂದಿಗೆ ಹೋಗಬೇಕೆಂಬ ಈ ವಾದ ಕೊನೆಗೆ ಬಂದು ನಿಲ್ಲುವುದು ಮಿತಿಯ ಪರವಾಗಿಯೇ.

ಇನ್ನು ನೂರಕ್ಕೇ ನಿಂತ ಚಾಲಕನ ಕಷ್ಟ. ಅದು ಇರುವುದು ಬಲತುದಿಯ ಲೇನಿನಲ್ಲಿ. ಅಲ್ಲಿ ನೂರಕ್ಕೆ ಹಟ ಹಿಡಿದು ಹಿಂದಿನವರಿಗೆ ನೀತಿಪಾಠ ಹೇಳಲು ಹೊರಡುವವರನ್ನೂ ಕಂಡಿದ್ದೇವೆ. ಮಿತಿ ಪಾಲಿಸುವುದಕ್ಕೂ ಇನ್ನೊಬ್ಬರಿಂದ ಪಾಲಿಸಿಸುವುದಕ್ಕೂ ವ್ಯತ್ಯಾಸವಿದೆ, ಎರಡನೆಯದು ಪೊಲೀಸರ ಕೆಲಸ. 2017ರ ಚಾಲನಾ ನಿಯಮಗಳ ಪ್ರಕಾರವೂ ವಾಹನ ಸಾಧ್ಯವಾದಷ್ಟು ಎಡಕ್ಕಿರಬೇಕು, ಬಲಗಡೆಗೆ ಬರುವುದು ಓವರ್‌ಟೇಕ್‌ಗೆ. ನಮ್ಮಲ್ಲಿ ಬಲತುದಿಯಲ್ಲಿ ಲಾರಿ, ಎಡತುದಿಯಲ್ಲಿ ನಿಂತ ಬಸ್ಸು, ಎರಡರ ನಡುವೆ ಹಾವಿನಂತೆ ನುಸುಳುವ ಕಾರು ಇರುವವರೆಗೆ ಯಾವ ವೇಗವೂ ನೆಮ್ಮದಿಯದಲ್ಲ. ಜರ್ಮನಿಯ ಆಟೊಬಾನ್‌ನಲ್ಲಿ ಮಿತಿಯೇ ಇಲ್ಲವಲ್ಲ ಎನ್ನುವವರು ಈ ಭಾಗವನ್ನು ಹೇಳುವುದಿಲ್ಲ. ಅಲ್ಲಿ ಮಿತಿಯಿಲ್ಲದ ಭಾಗಗಳಿಗೂ 130 ಎಂಬ ಸಲಹಾ ವೇಗ ಇದೆ, ಅದನ್ನು ಮೀರಿದವರು ಅಪಘಾತವಾದಾಗ ಹೆಚ್ಚಿನ ಹೊಣೆ ಹೊರಬೇಕಾಗಬಹುದು, ಬಲಗಡೆಯಿಂದ ಓವರ್‌ಟೇಕ್ ಮಾಡುವುದು (ಅವರಿಗೆ ಅದು ನಿಧಾನದ ಬದಿ) ಅಪರಾಧ, ಚಾಲನಾ ಪರವಾನಗಿ ಸಿಗುವುದು ಸುಲಭವಲ್ಲ. ಅವರ ವೇಗವನ್ನು ಮಾತ್ರ ತಂದು ಉಳಿದದ್ದನ್ನು ಅಲ್ಲೇ ಬಿಟ್ಟು ಬರಲಾಗದು.

ರಸ್ತೆ ದಾಟುವವರ ಲೆಕ್ಕ

ಈ ಚರ್ಚೆ ಕಾರಿನೊಳಗೆ ಕೂತವರ ನಡುವೆಯೇ ನಡೆಯುತ್ತದೆ ಎಂಬುದೇ ಅದರ ದೊಡ್ಡ ದೋಷ ಎಂದು ನನಗನ್ನಿಸುತ್ತದೆ. ಹೆದ್ದಾರಿಯ ಎರಡೂ ಬದಿ ಊರುಗಳಿವೆ. ಮನೆ ಒಂದು ಬದಿ, ಗದ್ದೆ ಇನ್ನೊಂದು ಬದಿ ಆದವರಿದ್ದಾರೆ. ರಸ್ತೆ ತೆರೆದ ಹೊಸದರಲ್ಲಿ ಪಾದಚಾರಿಗಳ ಮೇಲ್ಸೇತುವೆಗಳು ಸಾಲದೆಂಬ ದೂರು ವ್ಯಾಪಕವಾಗಿತ್ತು. ಅಂಡರ್‌ಪಾಸ್‌ಗೆ ಹೋಗಲು ಬಹುದೂರ ನಡೆಯಬೇಕಾದವರು ಬೇಲಿ ಕಿತ್ತಲ್ಲಿ ನುಸುಳಿ ದಾಟುವುದು ನಿಯಮಬಾಹಿರವೇ ಆದರೂ ನಡೆಯುವ ಸಂಗತಿ.

ಹಾಗೆ ದಾಟಲು ನಿಂತವರ ಕಣ್ಣಿನಿಂದ ರಸ್ತೆಯನ್ನು ನೋಡಬೇಕು. ಮೂರು ಲೇನ್ ಎಂದರೆ ಸುಮಾರು ಹತ್ತೂವರೆ ಮೀಟರ್. ತಲೆಯ ಮೇಲೆ ಹುಲ್ಲಿನ ಹೊರೆ ಇಲ್ಲದವರೂ ಅದನ್ನು ದಾಟಲು ಒಂಬತ್ತು ಸೆಕೆಂಡ್ ತೆಗೆದುಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ನೂರರ ಕಾರು 250 ಮೀಟರ್ ಬಂದಿರುತ್ತದೆ, 140ರ ಕಾರು 350 ಮೀಟರ್. ಮುನ್ನೂರು ಮೀಟರ್ ಆಚೆಯಿರುವ ಕಾರು ಒಂದು ಚುಕ್ಕೆ; ಎದುರಿನಿಂದ ನೇರವಾಗಿ ಬರುವ ಚುಕ್ಕೆಯ ವೇಗವನ್ನು ಅಳೆಯುವ ಶಕ್ತಿ ಮನುಷ್ಯನ ಕಣ್ಣಿಗೆ ಅಷ್ಟಾಗಿ ಇಲ್ಲ. ಜನ, ಅದರಲ್ಲೂ ಮಕ್ಕಳು ಮತ್ತು ವಯಸ್ಸಾದವರು, ವಾಹನ ಎಷ್ಟು ದೂರದಲ್ಲಿದೆ ಎಂಬುದನ್ನು ನೋಡಿ ಹೆಜ್ಜೆ ಇಡುತ್ತಾರೆಯೇ ಹೊರತು ಎಷ್ಟು ವೇಗದಲ್ಲಿದೆ ಎಂಬುದನ್ನು ನೋಡಿ ಅಲ್ಲ. ದಿನವೂ ದಾಟಿದ ಅನುಭವದಿಂದ ಅವರಿಗೆ ಒಂದು ಅಂದಾಜು ಸಿದ್ಧಿಸಿರುತ್ತದೆ: ಆ ಸೇತುವೆಯ ತುದಿಗೆ ಕಾರು ಕಂಡರೆ ದಾಟಬಹುದು, ಈ ಫಲಕದ ಬಳಿ ಕಂಡರೆ ನಿಲ್ಲಬೇಕು. ಆ ಅಂದಾಜು ಸಾಮಾನ್ಯ ವೇಗಕ್ಕೆ ಹೊಂದಿಕೊಂಡದ್ದು. 140ರಲ್ಲಿ ಬರುವವನು ಆ ಅಂದಾಜನ್ನು ಸುಳ್ಳು ಮಾಡುತ್ತಾನೆ, ಮತ್ತು ಅವರಿಗೆ ಅದು ತಿಳಿಯುವ ಹೊತ್ತಿಗೆ ಅವರು ನಡುರಸ್ತೆಯಲ್ಲಿರುತ್ತಾರೆ.

ಸರ್ವಿಸ್ ರಸ್ತೆಯಿಂದ ಮುಖ್ಯ ರಸ್ತೆಗೆ ಸೇರುವ ಚಾಲಕ ಕನ್ನಡಿಯಲ್ಲಿ ನೋಡಿ ಮಾಡುವ ಅಂದಾಜೂ, ಲೇನ್ ಬದಲಿಸುವ ಲಾರಿಯವನ ಅಂದಾಜೂ ಇದೇ ಜಾತಿಯವು. ಹೆದ್ದಾರಿಯಲ್ಲಿ ಎಲ್ಲರೂ ಇನ್ನೊಬ್ಬರ ವೇಗವನ್ನು ಊಹಿಸಿಕೊಂಡೇ ನಡೆಯುತ್ತಾರೆ. ವೇಗಮಿತಿ ಆ ಊಹೆಗೆ ಸಿಗುವ ಒಂದೇ ನೆಲೆ. ನನ್ನ ಕೈ ಪಳಗಿದೆ, ನನ್ನ ಕಾರು ಗಟ್ಟಿ ಎಂಬುದು ಚಾಲಕನ ತಲೆಯೊಳಗಿನ ಮಾಹಿತಿ. ರಸ್ತೆಯಲ್ಲಿರುವ ಇನ್ನಾರಿಗೂ ಅದು ಕಾಣುವುದಿಲ್ಲ. ಮಿತಿಯನ್ನು ಪಾಲಿಸಬೇಕು ಎನ್ನಲು ನನಗೆ ಎಲ್ಲಕ್ಕಿಂತ ಬಲವಾಗಿ ತೋರುವ ಕಾರಣ ಇದು, ದಂಡದ ಭಯವೂ ಅಲ್ಲ, ಕಾನೂನಿನ ಮೇಲಿನ ಗೌರವವೂ ಅಲ್ಲ. ಒಬ್ಬಂಟಿ ರಸ್ತೆಯಲ್ಲಿ, ಯಾರೂ ಇಲ್ಲದ ರಾತ್ರಿಯಲ್ಲಿ ಈ ಕಾರಣ ಸಡಿಲವಾಗುತ್ತದೆಯೇ? ಯಾರೂ ಇಲ್ಲವೆಂಬುದು ಖಚಿತವಾಗಿದ್ದರೆ ಆಗಬಹುದು. ಹೆಡ್‌ಲೈಟಿನ ಬೆಳಕು ಮುಟ್ಟುವ ದೂರದಾಚೆ ಅದು ಖಚಿತವಾಗುವುದಿಲ್ಲ, ಆದ್ದರಿಂದ ರಾತ್ರಿಯ ಖಾಲಿ ರಸ್ತೆ ಹಗಲಿನ ದಟ್ಟಣೆಗಿಂತ ಹೆಚ್ಚು ಮೋಸಗಾರ.

ಮಿತಿ ಹಾಕುವವರ ತಪ್ಪುಗಳು

ಮೂರನೆಯ ಆಕ್ಷೇಪ ಆಡಳಿತದ ಮೇಲೆ, ಅದನ್ನು ತಳ್ಳಿಹಾಕಲಾಗದು. ನಮ್ಮ ಹೆದ್ದಾರಿಗಳಲ್ಲಿ ಮಿತಿಯ ಫಲಕಗಳು ಎಷ್ಟೋ ಕಡೆ ನಂಬಿಕೆ ಹುಟ್ಟಿಸುವಂತಿಲ್ಲ. ಮೇಲ್ಸೇತುವೆಯ ಕೆಲಸ ನಡೆಯುತ್ತಿದ್ದಾಗ ನೆಟ್ಟ 30ರ ಫಲಕ ಕೆಲಸ ಮುಗಿದು ತಿಂಗಳಾದರೂ ಅಲ್ಲೇ ಇರುತ್ತದೆ. 80ರ ನಂತರ ಒಮ್ಮೆಗೇ 40, ಅದರ ನಂತರ ಮಿತಿ ಮುಗಿಯಿತೆಂಬ ಫಲಕವೇ ಇಲ್ಲ. 30ರ ಫಲಕವನ್ನು ಯಾರೂ, ಪೊಲೀಸರ ಜೀಪೂ ಪಾಲಿಸದಿದ್ದಾಗ ಚಾಲಕ ಕಲಿಯುವುದು ಫಲಕಗಳನ್ನು ಓದದಿರುವುದನ್ನು. ಮುಂದೆ ನಿಜವಾಗಿಯೂ ಅಪಾಯವಿರುವ ತಿರುವಿನ 40ನ್ನೂ ಅವನು ಓದುವುದಿಲ್ಲ. ವಿದೇಶಗಳಲ್ಲಿ ಶೇ 85ರಷ್ಟು ಚಾಲಕರು ಸಹಜವಾಗಿ ಓಡಿಸುವಾಗ ಮೀರದ ವೇಗವನ್ನು ಅಳೆದು ಅದರ ಆಸುಪಾಸಿನಲ್ಲಿ ಮಿತಿ ನಿಗದಿ ಮಾಡುವ ಪದ್ಧತಿ ಬೆಳೆದದ್ದು ಈ ನಂಬಿಕೆಯ ಪ್ರಶ್ನೆಯಿಂದಲೇ. ಆ ಪದ್ಧತಿಗೂ ಅದರದೇ ಕುಂದುಗಳಿವೆ: ಎಲ್ಲರೂ ಸ್ವಲ್ಪಸ್ವಲ್ಪ ವೇಗ ಏರಿಸಿದರೆ ಮಿತಿಯೂ ಏರುತ್ತ ಹೋಗುತ್ತದೆ, ಮತ್ತು ರಸ್ತೆ ದಾಟುವವರ ಮತ ಅದರಲ್ಲಿ ಎಣಿಕೆಗೆ ಬರುವುದಿಲ್ಲ. ಆದರೆ ಅಳೆಯದೆ ಹಾಕಿದ ಮಿತಿಗಿಂತ ಅಳೆದು ಹಾಕಿದ ಮಿತಿಗೆ ಗೌರವ ಹೆಚ್ಚು.

ಅಂಕಿಅಂಶಗಳ ವಿಷಯದಲ್ಲೂ ಇದೇ ಸಡಿಲತನ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು, ಅವುಗಳಲ್ಲಿ ಶೇ 71.2ರಷ್ಟು ಸಾವುಗಳಿಗೆ ಅತಿವೇಗ ಕಾರಣ. ಈ ಶೇಕಡಾವಾರನ್ನು ಎಲ್ಲರೂ ಉದ್ಧರಿಸುತ್ತಾರೆ. ನನಗೆ ಅದರಲ್ಲಿ ಪೂರ್ತಿ ವಿಶ್ವಾಸವಿಲ್ಲ. ಠಾಣೆಯಲ್ಲಿ ದಾಖಲಾಗುವ ಅಪಘಾತದ ದೂರುಗಳನ್ನು ಓದಿದವರಿಗೆ ಗೊತ್ತು, 'ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು' ಎಂಬ ಸಾಲು ಹೆಚ್ಚುಕಡಿಮೆ ಎಲ್ಲದರಲ್ಲೂ ಇರುತ್ತದೆ, ವೇಗವನ್ನು ಯಾರೂ ಅಳೆದಿರದಿದ್ದರೂ. ಕೆಟ್ಟ ತಿರುವು, ದೀಪವಿಲ್ಲದ ಡಿವೈಡರ್, ರಸ್ತೆಯಲ್ಲೇ ನಿಂತ ಲಾರಿ ಇವೆಲ್ಲ ಆ ಒಂದು ಸಾಲಿನ ಕೆಳಗೆ ಮರೆಯಾಗುತ್ತವೆ, ರಸ್ತೆ ಕಟ್ಟಿದವರು ಪಾರಾಗುತ್ತಾರೆ. ವೇಗದ ವಿರುದ್ಧದ ವಾದ ನಿಲ್ಲುವುದಕ್ಕೆ ಈ ಅಂಕಿ ಬೇಕಾಗಿಲ್ಲ. ಬ್ರೇಕಿನ ಲೆಕ್ಕ ಸಾಕು.

ಆಗಸ್ಟ್ 2023ರ ನಿಷೇಧದ ಭಾರ ಹೊತ್ತವರು ಯಾರು ಎಂಬುದನ್ನೂ ಇಲ್ಲಿ ಹೇಳಬೇಕು. ಕಾರುಗಳ ವೇಗಕ್ಕಾಗಿ ಬೈಕ್‌ನವರು ಸರ್ವಿಸ್ ರಸ್ತೆಗೆ ಇಳಿದರು. ಅವರ ಜೀವ ಉಳಿಸಲು ಅದು ಬೇಕಿತ್ತು, ನಿಜ. ಆದರೆ ಮದ್ದೂರಿನಿಂದ ಮಂಡ್ಯಕ್ಕೆ ದಿನವೂ ಕೆಲಸಕ್ಕೆ ಹೋಗುವವನು ತನ್ನ ದಾರಿಯನ್ನೇ ಬಿಟ್ಟುಕೊಟ್ಟ ಮೇಲೆ, ಆ ದಾರಿ ಸಿಕ್ಕ ಕಾರಿನವನು ಇಪ್ಪತ್ತು ಕಿಲೋಮೀಟರ್ ವೇಗವನ್ನೂ ಬಿಟ್ಟುಕೊಡಲಾರೆ ಎನ್ನುವುದು ಕೇಳಲು ಚೆನ್ನಾಗಿರುವುದಿಲ್ಲ.

ಸಾವಿರ ರೂಪಾಯಿಯ ಭಯ

ಕಾಯ್ದೆಯ 183ನೇ ಕಲಂ ಪ್ರಕಾರ ಮಿತಿ ಮೀರಿದ ಲಘು ವಾಹನಕ್ಕೆ ಒಂದರಿಂದ ಎರಡು ಸಾವಿರ, ಭಾರಿ ವಾಹನಕ್ಕೆ ಎರಡರಿಂದ ನಾಲ್ಕು ಸಾವಿರ ರೂಪಾಯಿ ದಂಡ. ಇಪ್ಪತ್ತು ಲಕ್ಷದ ಕಾರಿನವನಿಗೆ ಸಾವಿರ ರೂಪಾಯಿ ಇನ್ನೊಂದು ಟೋಲ್ ಕಟ್ಟಿದಂತೆ. ಅದೂ ತಕ್ಷಣ ಕಟ್ಟಬೇಕಿಲ್ಲ. ರಾಜ್ಯ ಸರ್ಕಾರ 2023ರ ಫೆಬ್ರವರಿಯಲ್ಲಿಯೂ 2025ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿಯೂ ಬಾಕಿ ದಂಡಕ್ಕೆ ಶೇ 50ರ ರಿಯಾಯಿತಿ ಕೊಟ್ಟಿತು. ಕಾದರೆ ಅರ್ಧಕ್ಕೆ ಇಳಿಯುತ್ತದೆ ಎಂದು ಒಮ್ಮೆ ಕಲಿತವರು ಮುಂದಿನ ರಿಯಾಯಿತಿಗೆ ಕಾಯುತ್ತಾರೆ. ಇದಕ್ಕೆ ಹೋಲಿಸಿದರೆ 2024ರ ಜುಲೈನಲ್ಲಿ ಅಲೋಕ್ ಕುಮಾರ್ ಪ್ರಕಟಿಸಿದ ಕ್ರಮಕ್ಕೆ ಹೆಚ್ಚು ಮೊನಚಿತ್ತು: ಆಗಸ್ಟ್ 1ರಿಂದ ರಾಜ್ಯದ ಯಾವುದೇ ರಸ್ತೆಯಲ್ಲಿ 130 ದಾಟಿದರೆ ಎಫ್‌ಐಆರ್. ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಪ್ರಕಾರ ದುಡುಕಿನ ಚಾಲನೆಗೆ ಆರು ತಿಂಗಳವರೆಗೆ ಸೆರೆವಾಸ ಆಗಬಹುದು. ಶಿಕ್ಷೆ ಆಗುತ್ತದೋ ಇಲ್ಲವೋ, ಪಾಸ್‌ಪೋರ್ಟ್ ಪರಿಶೀಲನೆಯ ಹೊತ್ತಿಗೆ ಹೆಸರಿನ ಮುಂದೆ ಒಂದು ಕೇಸ್ ಇರುತ್ತದೆ ಎಂಬುದೇ ಐಟಿ ಉದ್ಯೋಗಿಗಳ ಊರಿನಲ್ಲಿ ಸಾವಿರ ರೂಪಾಯಿಗಿಂತ ದೊಡ್ಡ ತಡೆ.

ಇನ್ನೊಂದು ತೀರ್ಪು ಹೆಚ್ಚು ಚರ್ಚೆಗೆ ಬರಬೇಕಿತ್ತು. 2014ರಲ್ಲಿ ಅರಸೀಕೆರೆಗೆ ಹೋಗುವ ದಾರಿಯಲ್ಲಿ ಕಾರು ಮಗುಚಿ ಸತ್ತ ಚಾಲಕನ ಕುಟುಂಬ ವಿಮೆಯಿಂದ 80 ಲಕ್ಷ ರೂಪಾಯಿ ಪರಿಹಾರ ಕೇಳಿತ್ತು. ಅಪಘಾತಕ್ಕೆ ಅವರದೇ ದುಡುಕಿನ ಚಾಲನೆ ಕಾರಣವಾದ್ದರಿಂದ ಪರಿಹಾರ ಸಲ್ಲದು ಎಂದು ಕರ್ನಾಟಕ ಹೈಕೋರ್ಟ್ ಹೇಳಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಮಾನದಲ್ಲಿ ಮಧ್ಯಪ್ರವೇಶಿಸಲು ನಿರಾಕರಿಸಿತು. ವಿಮೆ ಇದೆ ಎಂಬ ಧೈರ್ಯದ ಮೇಲೆ ಓಡಿಸುವವರ ಮನೆಯವರು ಇದನ್ನು ಓದಿರುವುದು ಒಳ್ಳೆಯದು.

ಆದರೆ ದಂಡದ ಗಾತ್ರಕ್ಕಿಂತ ಸಿಕ್ಕಿಬೀಳುವ ಖಚಿತತೆ ಮುಖ್ಯ. ಈಗಿನ ಆಟ ಎಲ್ಲರಿಗೂ ಗೊತ್ತಿರುವುದೇ: ಕ್ಯಾಮೆರಾ ಎಲ್ಲಿದೆಯೆಂದು ಫೋನ್ ಹೇಳುತ್ತದೆ, ಸ್ಪೀಡ್ ಗನ್ ಇದ್ದರೆ ಎದುರಿನವರು ಡಿಪ್ಪರ್ ಹೊಡೆದು ತಿಳಿಸುತ್ತಾರೆ, ಆ ಕಂಬದ ಬಳಿ 98, ಅದನ್ನು ದಾಟಿ ಅರ್ಧ ಕಿಲೋಮೀಟರ್ ಆಗುವಷ್ಟರಲ್ಲಿ 130. ಕಂಬದ ಬಳಿ ಒಮ್ಮೆಗೇ ಬ್ರೇಕ್ ಒತ್ತುವುದೇ ಒಂದು ಅಪಾಯ. 2019ರ ಜುಲೈ ನಂತರದ ಕಾರುಗಳು 80 ದಾಟಿದಾಗ ಆಗಾಗ, 120 ದಾಟಿದರೆ ಬಿಡದೆ ಬೀಪ್ ಎನ್ನುತ್ತವೆ. ಹಾಡಿನ ಸದ್ದು ಏರಿಸಿದರೆ ಅದೂ ಕೇಳಿಸದು. ಇದಕ್ಕೆ ಬ್ರಿಟನ್, ಇಟಲಿಗಳಲ್ಲಿ ವರ್ಷಗಳಿಂದ ಬಳಕೆಯಲ್ಲಿರುವ ಉತ್ತರ ಸರಾಸರಿ ವೇಗದ ಮಾಪನ. ಎರಡು ಕಂಬಗಳ ನಡುವಿನ ದೂರವನ್ನು ವಾಹನ ಎಷ್ಟು ಸಮಯದಲ್ಲಿ ದಾಟಿತು ಎಂಬುದನ್ನು ನಂಬರ್ ಪ್ಲೇಟಿನಿಂದ ಲೆಕ್ಕ ಹಾಕಿದರೆ ನಡುವೆ ಎಲ್ಲಿ ನಿಧಾನಿಸಿದರೂ ಪ್ರಯೋಜನವಿಲ್ಲ. ಶೇಷಗಿರಿಹಳ್ಳಿಯ ಟೋಲ್‌ಗೂ ಶ್ರೀರಂಗಪಟ್ಟಣದ ಬಳಿಯ ಗಣಂಗೂರು ಟೋಲ್‌ಗೂ ನಡುವೆ ಇಂಥ ಲೆಕ್ಕಕ್ಕೆ ಬೇಕಾದ ಸಮಯದ ಮುದ್ರೆ ಫಾಸ್ಟ್ಯಾಗ್‌ನಲ್ಲಿ ಆಗಲೇ ಬಿದ್ದಿರುತ್ತದೆ.

ಮುಂದಿನ ಪರೀಕ್ಷೆ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯದು. ಅದರ ಹೊಸಕೋಟೆ–ಬೇತಮಂಗಲ ಭಾಗ 2024ರ ಡಿಸೆಂಬರ್‌ನಲ್ಲೇ ಸಂಚಾರಕ್ಕೆ ತೆರೆದುಕೊಂಡಿದೆ. ಅದು 120ರ ವೇಗಕ್ಕೆಂದೇ ಕಟ್ಟಿದ ರಸ್ತೆ. 120ರ ಮಿತಿಯಿರುವಲ್ಲಿ ಜನ 150ನ್ನು ಪ್ರಯತ್ನಿಸುತ್ತಾರೆ ಎಂದು ಊಹಿಸಲು ತಜ್ಞರು ಬೇಕಿಲ್ಲ. ಪ್ರವೇಶವಿಲ್ಲದಿದ್ದರೂ ಬೈಕ್‌ಗಳು ಅದರ ಮೇಲೆ ಹತ್ತಿದ ಸುದ್ದಿಗಳು ಆಗಲೇ ಬಂದಿವೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಉದ್ಘಾಟನೆಗೂ ಮೊದಲ ಸ್ಪೀಡ್ ಗನ್‌ಗೂ ನಡುವೆ ಮೂರೂವರೆ ತಿಂಗಳು ಕಳೆದವು, ಮೇ ಮತ್ತು ಜೂನ್‌ನ 57 ಸಾವುಗಳು ಬಿದ್ದದ್ದು ಆ ಅವಧಿಯಲ್ಲಿ. ಕೋಲಾರ ಜಿಲ್ಲೆಯ ಆ ರಸ್ತೆ ಚೆನ್ನೈವರೆಗೆ ಪೂರ್ತಿಯಾಗಿ ತೆರೆಯುವ ದಿನಕ್ಕೆ ಕ್ಯಾಮೆರಾಗಳು ಕಂಬದ ಮೇಲಿರುತ್ತವೆಯೇ, ಅಥವಾ ಸಾವುಗಳ ಮೊದಲ ಪಟ್ಟಿ ಬಂದ ನಂತರ ಟೆಂಡರ್ ಕರೆಯುತ್ತಾರೆಯೇ ಎಂಬುದನ್ನು ಹೆದ್ದಾರಿ ಪ್ರಾಧಿಕಾರ ಈಗಲೇ ಹೇಳಬೇಕು.